ಮೇವಿನ ಹುಲ್ಲು ಮತ್ತು ಇಂಧನ

ಪೆಟ್ರೋಲಿಗೆ ಎಥನಾಲ್ ಬೆರೆಸುವುದು ಇಂದು ಎಲ್ಲರೂ ಬಲ್ಲ ಸಂಗತಿ. ಅದರ ಬಹುಪಾಲು ಕಬ್ಬಿನಿಂದಲೂ ಧಾನ್ಯದಿಂದಲೂ ಬರುವಂಥದು. ಎಂದರೆ ಆಹಾರದಿಂದ ಕಡಿದು ತೆಗೆದ ಪಾಲು. ಆದುದರಿಂದಲೇ ಬಹುವಾರ್ಷಿಕ ಮೇವಿನ ಹುಲ್ಲುಗಳ ಕಡೆಗೆ ವಿಜ್ಞಾನಿಗಳ ದೃಷ್ಟಿ ಹೊರಳಿದೆ.

ಒಣಹುಲ್ಲಿನ ತೂಕದಲ್ಲಿ ದೊಡ್ಡ ಪಾಲು ಸೆಲ್ಯುಲೋಸಿನದು. ಅದು ಸಕ್ಕರೆಯ ಅಣುಗಳೇ ಸರಪಳಿಯಾಗಿ ಹೆಣೆದುಕೊಂಡ ವಸ್ತು. ಆ ಸರಪಳಿಯನ್ನು ಬಿಡಿಸುವ ಶಕ್ತಿ ನಮ್ಮ ಜಠರಕ್ಕಿಲ್ಲ. ಹಸುವಿನ ಹೊಟ್ಟೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಸದ್ದಿಲ್ಲದೆ ಮಾಡುವ ಈ ಕಾರ್ಯವನ್ನು ಕಾರ್ಖಾನೆ ಮಾಡಬೇಕಾದರೆ ಆಮ್ಲ, ಹಬೆ, ಕಿಣ್ವಗಳ ನೆರವು ಬೇಕು. 2022ರಲ್ಲಿ ಪಾಣಿಪತ್ತಿನಲ್ಲಿ ಉದ್ಘಾಟನೆಗೊಂಡ ಕಾರ್ಖಾನೆಯನ್ನು ಭತ್ತದ ಹುಲ್ಲಿನಿಂದ ಎಥನಾಲ್ ತೆಗೆಯಲೆಂದೇ ಕಟ್ಟಲಾಯಿತು.

ಭತ್ತದ ಹುಲ್ಲು ಸುಗ್ಗಿಯಲ್ಲಿ ಮಾತ್ರ ದೊರೆಯುವುದು. ನೇಪಿಯರ್ ಹುಲ್ಲು ಹಾಗಲ್ಲ. ಸಜ್ಜೆಯೊಡನೆ ಸಂಕರಗೊಳಿಸಿದ ಅದರ ತಳಿಗಳ ಕಾಂಡದ ತುಂಡನ್ನು ಒಮ್ಮೆ ನೆಟ್ಟರೆ, ನೀರಿರುವಲ್ಲಿ ಹಲವು ವರ್ಷಗಳ ಕಾಲ ಸುಮಾರು 45 ದಿನಗಳಿಗೊಮ್ಮೆ ಕೊಯ್ಯಬಹುದು. ಆದರೆ ಹಸುರು ಹೊರೆಯ ತೂಕಕ್ಕೆ ಮರುಳಾಗಬಾರದು. ಐದರಲ್ಲಿ ನಾಲ್ಕು ಪಾಲು ನೀರೇ. ಹುಲ್ಲು ಬಲಿತಂತೆಲ್ಲ ಲಿಗ್ನಿನ್ ಹೆಚ್ಚಿ ಸೆಲ್ಯುಲೋಸನ್ನು ಬಿಗಿಹಿಡಿಯುವುದು. ಹಸುವಿಗೂ ಕಾರ್ಖಾನೆಗೂ ತೊಡಕು ಒಂದೇ!

ಈ ವಿಷಯದಲ್ಲಿ ನನ್ನದೊಂದು ನಿಲುವುಂಟು. ಒಳ್ಳೆಯ ನೀರಿನಲ್ಲಿ ಬೆಳೆದ ಹುಲ್ಲು ದನದ ಬಾಯಿಗೇ ಸಲ್ಲಬೇಕು. ಬರಗಾಲ ಬಂದಾಗ ಮೇವು ಬ್ಯಾಂಕುಗಳನ್ನು ತೆರೆಯಬೇಕಾದ ನಾಡು ನಮ್ಮದು. ಕೆರೆಯಂಗಳದ ಹುಲ್ಲಿನ ಮಾತು ಬೇರೆ. ಹಲಸೂರು ಕೆರೆಯ ಕೋಡಿನೀರು ಬೆಳ್ಳಂದೂರಿಗೂ ಅಲ್ಲಿಂದ ವರ್ತೂರಿಗೂ ಇಳಿಯುವುದು. ದಾರಿಯುದ್ದಕ್ಕೂ ನಗರದ ಕೊಳಚೆ ಅದನ್ನು ಕೂಡಿಕೊಳ್ಳುತ್ತ ಬಂದಿದೆ. ವರ್ತೂರಿನ ಕಡೆ ಕೊಯ್ದ ಹುಲ್ಲಿನ ಹೊರೆಗಳನ್ನು ಹಸು ಸಾಕುವವರು ಕೊಳ್ಳುತ್ತಿದ್ದುದನ್ನು ನಾನು ಕಂಡವನು. ಕೊಳಚೆಯ ಭಾರಲೋಹಗಳು ಹುಲ್ಲಿಗೂ, ಅದರಿಂದ ಹಾಲಿಗೂ ಸೇರುವ ಅಪಾಯವನ್ನು ಅಲ್ಲಗಳೆಯುವಂತಿಲ್ಲ.

2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯಂಗಳದ ಹುಲ್ಲಿಗೆ ಬೆಂಕಿ ಬಿದ್ದಾಗ ನಂದಿಸಲು ಸೈನಿಕರು ಧಾವಿಸಬೇಕಾಯಿತು. ಅಷ್ಟು ಉರಿ ಯಾರ ಒಲೆಗೂ ಸಲ್ಲಲಿಲ್ಲ. ಇಂಥ ಹುಲ್ಲನ್ನು ಗೋಬರ್ ಅನಿಲದ ರೀತಿಯಲ್ಲೇ ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿ ಅನಿಲ ಪಡೆಯುವುದು ಎಥನಾಲಿಗಿಂತ ಸುಲಭದ ಮಾರ್ಗವೆಂದು ನನಗೆ ತೋರುತ್ತದೆ. ಆದರೆ ಲೋಹಗಳು ಅನಿಲದೊಡನೆ ಹೋಗುವುದಿಲ್ಲ, ಬಗ್ಗಡದಲ್ಲೇ ಉಳಿಯುತ್ತವೆ. ಪರೀಕ್ಷಿಸದೆ ಅದನ್ನು ಗೊಬ್ಬರವೆಂದು ತರಕಾರಿ ತೋಟಕ್ಕೆ ಹಾಕಲಾಗದು. ಕುಡುಗೋಲು ಹಿಡಿದು ಆ ಕೆಸರಿಗಿಳಿಯುವವರ ಕಾಯಕಕ್ಕೆ, ಹಸು ಸಾಕುವವರು ಕೊಡುತ್ತಿದ್ದಷ್ಟಾದರೂ ಬೆಲೆಯನ್ನು ಅನಿಲದ ಘಟಕ ಕೊಟ್ಟೀತೆ ಎಂಬ ಲೆಕ್ಕವನ್ನು ತೊಟ್ಟಿ ಕಟ್ಟುವ ಮೊದಲೇ ಮಾಡಬೇಕು.