ಎರಡು ತೊಟ್ಟಿಲು, ಒಂದು ಸ್ನೇಹ

ಹೋಲಿಕೆ ಎಂಬುದು ಮನುಷ್ಯನನ್ನು ಯಾವಾಗ ಅಂಟಿಕೊಳ್ಳುತ್ತದೆ? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಎಂದು ವಿದ್ಯಾರ್ಥಿಗಳು ಹೇಳಿಯಾರು. 'ಪಕ್ಕದ ಮನೆಯವನಿಗೆ ಎಷ್ಟು ಬಂತಂತೆ?' ಎಂಬ ಪ್ರಶ್ನೆ ಕೇಳಿಸಿಕೊಳ್ಳದೆ ಬೆಳೆದವರು ಯಾರಿದ್ದಾರೆ? ಆದರೆ ಈ ಚಾಳಿ ಶಾಲೆಗಿಂತ ಬಹಳ ಮೊದಲೇ, ತೊಟ್ಟಿಲಿನಲ್ಲೇ ಶುರುವಾಗುತ್ತದೆ. ಶಿವಮೊಗ್ಗದ ಹಾಸ್ಟೆಲೊಂದರ ಒಂದೇ ಕೋಣೆಯಲ್ಲಿ ಮೂರು ವರ್ಷ ಕಳೆದ ಇಬ್ಬರು ಗೆಳತಿಯರಿಗೆ ಈ ಸತ್ಯ ಗೊತ್ತಾದದ್ದು ತಾವೇ ತಾಯಂದಿರಾದ ಮೇಲೆ.

ಒಬ್ಬಳಿಗೆ ಬೆಂಗಳೂರಿನ ಬ್ಯಾಂಕಿನಲ್ಲಿ ಕೆಲಸ. ಇನ್ನೊಬ್ಬಳು ಅದೇ ಊರಿನ ಪ್ರೌಢಶಾಲೆಯಲ್ಲಿ ಟೀಚರು. ಓದುವ ಕಾಲದಲ್ಲಿ ಇಬ್ಬರ ಅಂಕಗಳನ್ನು ಮನೆಯವರು ತೂಗಿ ನೋಡುತ್ತಿದ್ದರೂ ಇವರು ಮಾತ್ರ ಒಂದೇ ನೋಟ್ಸಿನಲ್ಲಿ ಓದಿ, ಒಂದೇ ಡಬ್ಬಿಯ ಚಕ್ಕುಲಿ ತಿಂದವರು. ಇಬ್ಬರೂ ಒಟ್ಟಿಗೇ ಗರ್ಭಿಣಿಯರಾದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಹೆರಿಗೆಗೆ ಕೊಟ್ಟ ದಿನಾಂಕಗಳ ನಡುವೆ ಇದ್ದದ್ದು ಎರಡೇ ವಾರದ ಅಂತರ. ಬ್ಯಾಂಕಿನವಳದು ಮೊದಲು, ಟೀಚರಮ್ಮನದು ಆಮೇಲೆ.

ಕಬ್ಬಿಣದ ಮಾತ್ರೆ ನುಂಗಿದೆಯಾ ಎಂದು ಒಬ್ಬಳು ಕೇಳಿದರೆ, ಹಿಮೋಗ್ಲೋಬಿನ್ 11 ದಾಟಿತಾ ಎಂದು ಇನ್ನೊಬ್ಬಳ ಮರುಪ್ರಶ್ನೆ. ಒಬ್ಬಳಿಗೆ ಹುಣಸೆಹಣ್ಣಿನ ಬಯಕೆ, ಇನ್ನೊಬ್ಬಳಿಗೆ ಒಗ್ಗರಣೆಯ ವಾಸನೆಯೇ ಆಗದು. ಸೀಮಂತದಲ್ಲಿ ಇಬ್ಬರ ಕೈಗೂ ಹಸಿರು ಗಾಜಿನ ಬಳೆ. ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದ 2017ರ ಕಾನೂನು ತಿದ್ದುಪಡಿ ಆಗಷ್ಟೇ ಬಂದಿತ್ತು. ರಜೆಯಲ್ಲಿ ಮಕ್ಕಳನ್ನು ಒಟ್ಟಿಗೆ ಬಿಸಿಲಿಗೆ ಮಲಗಿಸಿ ಹರಟೆ ಹೊಡೆಯುವುದೆಂದು ಇಬ್ಬರೂ ಲೆಕ್ಕ ಹಾಕಿಟ್ಟಿದ್ದರು.

ಲೆಕ್ಕ ತಪ್ಪಿದ್ದು ಟೀಚರಮ್ಮನಿಗೆ 34 ವಾರ ತುಂಬಿದಾಗ. ರಕ್ತದೊತ್ತಡ ಏರಿ, ತುರ್ತಾಗಿ ಸಿಸೇರಿಯನ್ ಮಾಡಬೇಕಾಯಿತು. ಮಗುವಿನ ತೂಕ 1.9 ಕಿಲೋ. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿ, ಆಮೇಲೆ ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಬೆಚ್ಚಗಿಡುವ ಕಾಂಗರೂ ಆರೈಕೆ. ಇದಾಗಿ ನಾಲ್ಕು ವಾರಕ್ಕೆ ಬ್ಯಾಂಕಿನವಳಿಗೆ ಸುಸೂತ್ರ ಹೆರಿಗೆಯಾಯಿತು. ಕೂಸು 3.1 ಕಿಲೋ, ಕೆನ್ನೆ ತುಂಬಿದ ಗುಂಡುಮಗು.

ಅಲ್ಲಿಂದ ಶುರುವಾಯಿತು ನೋಡಿ. ಟೀಚರಮ್ಮನ ಮಾವ ಆಸ್ಪತ್ರೆಯ ಚೀಟಿಯನ್ನು ಓದಿ, 'ಅಪ್ಗಾರ್ 6 ಅಂತ ಬರೆದಿದ್ದಾರಲ್ಲ, ಹತ್ತಕ್ಕೆ ಆರೇ?' ಎಂದು ಕಳವಳಪಟ್ಟರು. ಗೆಳತಿಯ ಮಗುವಿಗೆ 9 ಬಂದಿತ್ತು. ಬಾಣಂತಿ ನೋಡಲು ಬಂದವರೆಲ್ಲ, 'ಅವಳಿಗೆ ಹಾಲು ಚೆನ್ನಾಗಿದೆಯಂತೆ, ನಿನಗೇಕಿಲ್ಲ?' ಎಂದು ಕೇಳಿ ಹೋದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಒಳ್ಳೆಯ ಮನಸ್ಸಿನಿಂದ ಆಡಿದ ಮಾತೂ ಹಸಿ ಗಾಯಕ್ಕೆ ತಾಗಿದರೆ ಉರಿಯುತ್ತದೆ.

ಮೆಲ್ಲಗೆ ಟೀಚರಮ್ಮ ಫೋನ್ ಎತ್ತುವುದನ್ನು ನಿಲ್ಲಿಸಿದಳು. ಬ್ಯಾಂಕಿನವಳಿಗೆ ಮುನಿಸು ಬಂತು. ಮಗು ಬಂದ ಮೇಲೆ ಗೆಳತಿ ಬೇಡವಾದಳೇ? ತಾನು ಪ್ರತಿ ಸಲ ಫೋನ್ ಮಾಡಿದಾಗಲೂ ಮೊದಲು ಕೇಳುತ್ತಿದ್ದುದು 'ಈಗೆಷ್ಟು ತೂಕ?' ಎಂದೇ ಎಂಬುದು ಅವಳ ಗಮನಕ್ಕೆ ಬಂದಿರಲಿಲ್ಲ.

ನಾಮಕರಣದ ದಿನ ಹಿರಿಯರು ಎರಡೂ ಕೂಸುಗಳನ್ನು ಒಂದೇ ಚಾಪೆಯ ಮೇಲೆ ಮಲಗಿಸಿದರು. 'ಇದು ಒಂದು ತಿಂಗಳು ದೊಡ್ಡದಂತೆ. ಆದರೂ ನಗುವುದಿಲ್ಲ, ಕಣ್ಣಿಟ್ಟು ನೋಡುವುದಿಲ್ಲ' ಎಂದರು ಯಾರೋ. ಟೀಚರಮ್ಮ ಎದ್ದು ಒಳಕೋಣೆಗೆ ಹೋದಳು. ಹಿಂದೆಯೇ ಹೋದ ಗೆಳತಿಗೆ ಅವಳು ಹೇಳಿದ್ದು ಇಷ್ಟು: 'ಮಗುವನ್ನು ನೋಡಿದರೆ ನನಗೆ ಏನೂ ಅನ್ನಿಸುವುದಿಲ್ಲ ಕಣೇ. ನಾನು ಇಲ್ಲದಿದ್ದರೇ ಅದಕ್ಕೆ ಒಳ್ಳೆಯದೇನೋ.'

'ಛೆ, ಹಾಗೆಲ್ಲ ಅನ್ನಬಾರದು' ಎಂದು ಬಾಯಿ ಮುಚ್ಚಿಸಿದ್ದರೆ ಸ್ನೇಹ ಅಲ್ಲಿಗೇ ಸೋಲುತ್ತಿತ್ತು. ಬ್ಯಾಂಕಿನವಳು ಹಾಗೆ ಮಾಡಲಿಲ್ಲ. ಪಕ್ಕದಲ್ಲಿ ಕುಳಿತಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು. ಸಂಜೆಯೊಳಗೆ ಗೆಳತಿಯ ಗಂಡನಿಗೆ ವಿಷಯ ತಿಳಿಸಿ, ರಾತ್ರಿ ಅವಳೊಬ್ಬಳನ್ನೇ ಬಿಡಬೇಡಿ ಎಂದು ಹೇಳಿ, ಮರುದಿನ ತನ್ನ ಕೂಸನ್ನೂ ಎತ್ತಿಕೊಂಡು ವೈದ್ಯರಲ್ಲಿಗೆ ಜೊತೆಗೆ ಹೋದಳು.

ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಅನೇಕ ಬಾಣಂತಿಯರ ಅನುಭವ. ಸಾಮಾನ್ಯವಾಗಿ ಎರಡು ವಾರದೊಳಗೆ ಅದು ತಾನಾಗಿ ಕಡಿಮೆಯಾಗುತ್ತದೆ. ಹಾಗಾಗದೆ ದುಃಖ ಮುಂದುವರಿದರೆ, ನಿದ್ದೆ ಬಾರದಿದ್ದರೆ, ಬದುಕೇ ಬೇಡ ಎನ್ನಿಸಿದರೆ ಅದು ಕಾಯಿಲೆ. ಸೋಮಾರಿತನವೂ ಅಲ್ಲ, ತಾಯ್ತನದ ಕೊರತೆಯೂ ಅಲ್ಲ. ಅದಕ್ಕೆ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇರಿಸಿಕೊಂಡು ನೋಡುವ ವಿಭಾಗವೇ ಇದೆ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಟೀಚರಮ್ಮ ಮಾತ್ರೆ, ಆಪ್ತ ಸಮಾಲೋಚನೆಗಳ ನೆರವಿನಿಂದ ಕೆಲವು ತಿಂಗಳಲ್ಲಿ ಚೇತರಿಸಿಕೊಂಡಳು. ರಾತ್ರಿಯ ಒಂದು ಹೊತ್ತಿನ ಹಾಲನ್ನು ಗಂಡ ಕುಡಿಸತೊಡಗಿದ್ದರಿಂದ ಅವಳಿಗೆ ನಿದ್ದೆಯೂ ದಕ್ಕಿತು.

ಮಕ್ಕಳ ವೈದ್ಯರು ಹೇಳಿದ ಇನ್ನೊಂದು ಮಾತು ಮನೆಯವರ ಕಣ್ಣು ತೆರೆಸಿತು. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು. ಆ ಲೆಕ್ಕದಲ್ಲಿ ಒಂದು ತಿಂಗಳು ದೊಡ್ಡದೆನಿಸಿದ್ದ ಕೂಸು ನಿಜಕ್ಕೂ ಎರಡು ವಾರ ಚಿಕ್ಕದು! ತಡವಾಗಿ ನಕ್ಕಿದ್ದಲ್ಲ, ಅದರ ಹೊತ್ತಿಗೆ ಸರಿಯಾಗಿಯೇ ನಕ್ಕಿತ್ತು.

ಗೆಳತಿಯರಿಬ್ಬರೂ ಒಂದು ಕಟ್ಟಳೆ ಮಾಡಿಕೊಂಡರು. ಫೋನ್ ಮಾಡಿದಾಗ ಮೊದಲ ಐದು ನಿಮಿಷ ಮಕ್ಕಳ ಮಾತು ಎತ್ತುವಂತಿಲ್ಲ. 'ನೀನು ಹೇಗಿದ್ದೀ? ಊಟ ಮಾಡಿದೆಯಾ?' ಎಂದೇ ಕೇಳಬೇಕು. ಈ ಪ್ರಶ್ನೆಯ ಬೆಲೆ ಬ್ಯಾಂಕಿನವಳಿಗೆ ತಿಳಿದದ್ದು ತನ್ನ ರಜೆ ಮುಗಿದಾಗ. ಮಗುವನ್ನು ಬಿಟ್ಟು ಕೌಂಟರಿನಲ್ಲಿ ಕುಳಿತ ಮೊದಲ ದಿನ ಅವಳ ಎದೆ ಕಟ್ಟಿ, ಕಣ್ಣು ತುಂಬಿ ಬಂತು. ಆಗ ಸಂತೈಸಿದವಳು ಟೀಚರಮ್ಮ. ಎದೆಹಾಲನ್ನು ಹಿಂಡಿ ತೆಗೆದು ಜೋಪಾನವಾಗಿಡುವುದನ್ನು ಗೆಳತಿಗೆ ಹೇಳಿಕೊಟ್ಟವಳೂ ಅವಳೇ. ಪುಟ್ಟ ಕೂಸು ಮೊಲೆ ಚೀಪಲಾರದೆ ಇದ್ದ ದಿನಗಳಲ್ಲಿ ಅವಳು ಕಲಿತ ವಿದ್ಯೆ ಅದು.

ಈಗ ಆ ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಿದ್ದಾರೆ. ಅಂಕಪಟ್ಟಿಗಳು ಮನೆಗೆ ಬರತೊಡಗಿವೆ. ಅದನ್ನು ಕೈಗೆತ್ತಿಕೊಳ್ಳುವ ತಂದೆ ತಾಯಂದಿರೆಲ್ಲ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಮನುಷ್ಯನ ಮೊದಲ ಅಂಕಪಟ್ಟಿಯಾದ ಅಪ್ಗಾರ್ ಅಂಕವನ್ನು 1952ರಲ್ಲಿ ರೂಪಿಸಿದವರು ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್ಗಾರ್. ಮಗುವಿನ ಬಣ್ಣ, ನಾಡಿ, ಸ್ಪಂದನ, ಸ್ನಾಯುಗಳ ಬಿಗಿ, ಉಸಿರಾಟ ಇವೈದನ್ನು ನೋಡಿ, ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುತ್ತಾರೆ. ಹುಟ್ಟಿದ ಒಂದು ನಿಮಿಷಕ್ಕೊಮ್ಮೆ, ಐದು ನಿಮಿಷಕ್ಕೆ ಇನ್ನೊಮ್ಮೆ. ಮೊದಲ ಸಲ 6 ಬಂದಿದ್ದ ಟೀಚರಮ್ಮನ ಮಗುವಿಗೆ ಎರಡನೆಯ ಸಲ 8 ಬಂದಿತ್ತು. ಮಾವನವರು ಆ ಸಾಲನ್ನು ಓದಿರಲೇ ಇಲ್ಲ.

ಆ ಅಂಕ ಮಗು ಮುಂದೆ ಜಾಣನಾಗುವನೋ ದಡ್ಡನಾಗುವನೋ ಎಂದು ಹೇಳುವುದಿಲ್ಲ. ಈ ಗಳಿಗೆಯಲ್ಲಿ ಈ ಜೀವಕ್ಕೆ ಯಾರದಾದರೂ ನೆರವು ಬೇಕೇ ಎಂಬುದನ್ನಷ್ಟೇ ಅದು ಕೇಳುತ್ತದೆ. ಆಮೇಲೆ ಬರುವ ಅಂಕಪಟ್ಟಿಗಳನ್ನೂ ದೊಡ್ಡವರು ಹೀಗೆಯೇ ಓದಿದರೆ ಎಷ್ಟೋ ಮನೆಗಳಲ್ಲಿ ಮಕ್ಕಳು ನೆಮ್ಮದಿಯಿಂದ ಊಟ ಮಾಡಿಯಾರು. ವಿದ್ಯಾರ್ಥಿಗಳಿಗೂ ಒಂದು ಮಾತು. ಪಕ್ಕದ ಬೆಂಚಿನ ಗೆಳೆಯನೋ ಗೆಳತಿಯೋ ಇದ್ದಕ್ಕಿದ್ದಂತೆ ಮಾತು ಕಡಿಮೆ ಮಾಡಿದರೆ ಮುನಿಸಿಕೊಳ್ಳುವ ಮೊದಲು ಹತ್ತಿರ ಹೋಗಿ ಕೇಳಿ. ಎಷ್ಟು ಅಂಕ ಬಂತು ಎಂದಲ್ಲ, ಹೇಗಿದ್ದೀ ಎಂದು.