ಕಡ್ಡಿಯ ಮೇಲೆ ಉಳಿದ ಕುಣಿಕೆಗಳು

ಶುರು ಮಾಡೋದನ್ನು ಯಾರು ಬೇಕಾದರೂ ಕಲಿಸುತ್ತಾರೆ. ಮುಗಿಸೋದನ್ನು ಕಲಿಸುವವರು ಕಮ್ಮಿ. ನಮ್ಮ ಕೇರಿಯಿಂದ ಶಾಲೆಗೆ ಹೋದ ನಾವು ಮೂವರು ಹುಡುಗಿಯರಿಗೆ ಇದು ಗೊತ್ತಾದದ್ದು ಪುಸ್ತಕದಿಂದಲ್ಲ, ಉಲ್ಲನ್ ದಾರದಿಂದ.

1982. ಏಳನೇ ಕ್ಲಾಸು. ಶುಕ್ರವಾರ ಮಧ್ಯಾಹ್ನ ಹುಡುಗಿಯರಿಗೆ ಹೆಣಿಗೆ ಪಿರಿಯಡ್ಡು. ಕೂಲಿ ದುಡ್ಡಿನಲ್ಲಿ ಅವ್ವಂದಿರು ಉಲ್ಲನ್ ಉಂಡೆ, ಎರಡೆರಡು ಕಡ್ಡಿ ತಂದುಕೊಟ್ಟಿದ್ದರು. ಟೀಚರಮ್ಮ ಮುಂದಿನ ಸಾಲಿನವರ ಕೈ ಹಿಡಿದು ಕಲಿಸುತ್ತಿದ್ದರು. ನಾವು ಬಾಗಿಲ ಬಳಿ ಕೂತು ನೋಡಿ ಕಲಿತೆವು. ಕುಣಿಕೆ ಏರಿಸುವುದು, ಸೀದಾ ಸಾಲು, ಉಲ್ಟಾ ಸಾಲು ಎಲ್ಲ ದೂರದಿಂದಲೇ ಕಣ್ಣಿಗೆ ಸಿಕ್ಕಿತು. ನಲವತ್ತು ಕುಣಿಕೆಯ ಮಫ್ಲರು. ರಾತ್ರಿ ಯಾರದೋ ಗದ್ದೆಗೆ ನೀರು ಕಟ್ಟಲು ಹೋಗುವ ಅಪ್ಪಂದಿರ ಕಿವಿ ಬೆಚ್ಚಗಿರಲಿ ಅಂತ ಆಸೆ.

ಮುಗಿಸುವ ದಿನ ಬಂತು. ಟೀಚರಮ್ಮ ಒಬ್ಬೊಬ್ಬರ ಹೆಣಿಗೆಯನ್ನೂ ಮಡಿಲಿಗೆ ತಗೊಂಡು ಕೊನೆ ಸಾಲು ತಾವೇ ಮುಚ್ಚಿಕೊಟ್ಟರು. ನಮ್ಮ ಸರದಿ ಬಂದಾಗ "ಮನೇಲಿ ಮುಗಿಸ್ಕೊಂಡ್ ಬನ್ನಿ" ಅಂದರು. ನಮ್ಮ ದಾರವನ್ನು ಅವರು ಮುಟ್ಟಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ. ಅಷ್ಟು ನಯವಾಗಿ ನಡೆದುಹೋಯಿತು. ಅಸ್ಪೃಶ್ಯತೆ ಅಪರಾಧವೆಂದು 1955ರಲ್ಲೇ ಕಾನೂನು ಬಂದಿತ್ತು. 1976ರಲ್ಲಿ ಅದನ್ನು ಬಿಗಿ ಮಾಡಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆ ಎಂದು ಹೆಸರಿಟ್ಟಿದ್ದರು. ಆದರೆ ಮುಟ್ಟದೇ ಉಳಿದ ಬೆರಳಿನ ಮೇಲೆ ಯಾವ ಠಾಣೆಯಲ್ಲಿ ದೂರು ಕೊಡುವುದು?

ಹೆಣಿಗೆ ಗೊತ್ತಿಲ್ಲದವರಿಗೆ ಒಂದು ಮಾತು. ಮುಚ್ಚದ ಕುಣಿಕೆ ಬಾಯಿ ತೆರೆದುಕೊಂಡೇ ಇರುತ್ತದೆ. ಕಡ್ಡಿ ಜಾರಿ ದಾರ ಎಳೆದರೆ ತಿಂಗಳ ದುಡಿಮೆ ಮತ್ತೆ ಉಂಡೆಯೇ. ನಮ್ಮಲ್ಲೊಬ್ಬಳು ಕುಣಿಕೆಗಳನ್ನೆಲ್ಲ ಸೇರಿಸಿ ಗಂಟು ಹಾಕಲು ಹೋಗಿ ಹತ್ತು ಸಾಲು ಕಳಕೊಂಡು ಅತ್ತಳು.

ಆಗ ಪೆಟ್ಟಿಗೆಯಲ್ಲಿದ್ದ ಒಂದು ಹಳೇ ಸ್ವೆಟರು ನೆನಪಾಯಿತು. ಒಡೆಯರ ಮನೆಯವರು ಅವ್ವನ ಸೆರಗಿಗೆ ಮೇಲಿಂದ ಹಾಕಿದ್ದು. ಕೈಯಲ್ಲಿ ಹೆಣೆದದ್ದೇ. ಕತ್ತಿನ ಅಂಚಿನಲ್ಲಿ ಕೊನೆಯ ದಾರ ಹುಡುಕಿ ಒಂದೊಂದೇ ಕುಣಿಕೆ ಬಿಚ್ಚಿದೆವು. ಬಿಚ್ಚಿದಂತೆಲ್ಲ ಕಟ್ಟಿದ ಗುಟ್ಟು ಕಂಡಿತು. ಎರಡು ಕುಣಿಕೆ ಹೆಣೆಯಬೇಕು. ಮೊದಲನೆಯದನ್ನು ಎರಡನೆಯದರ ತಲೆಯ ಮೇಲಿಂದ ದಾಟಿಸಿ ಕಡ್ಡಿಯಿಂದ ಇಳಿಸಬೇಕು. ಒಂದು ಉಳಿಯುತ್ತದೆ. ಇನ್ನೊಂದು ಹೆಣೆದು ಮತ್ತೆ ದಾಟಿಸಬೇಕು. ಕೊನೆಗೆ ಒಂಟಿ ಕುಣಿಕೆ. ದಾರ ಕತ್ತರಿಸಿ ಅದರೊಳಗೆ ತೂರಿಸಿ ಎಳೆದರೆ ಮುಗಿಯಿತು.

ಮೊದಲ ಸಲ ಬಿಚ್ಚಿಹೋದೀತೆಂಬ ಭಯಕ್ಕೆ ಬಿಗಿದು ಬಿಗಿದು ಎಳೆದೆವು. ಮಫ್ಲರಿನ ತುದಿ ಎಲೆಅಡಿಕೆ ಚೀಲದ ಬಾಯಿಯಂತೆ ಸುರುಟಿಕೊಂಡಿತು. ಅಪ್ಪ ನೋಡಿ, ಬಿದಿರು ಸೀಳಿ, ಗಾಜಿನ ಚೂರಿನಲ್ಲಿ ಹೆರೆದು, ಒಂದು ದಪ್ಪ ಕಡ್ಡಿ ಮಾಡಿಕೊಟ್ಟ. ಕೊನೆ ಸಾಲನ್ನು ದಪ್ಪ ಕಡ್ಡಿಯಲ್ಲಿ ಮುಚ್ಚಿದರೆ ಅಂಚು ಸಡಿಲವಾಗಿ ಮಿಕ್ಕ ಹೆಣಿಗೆಯ ಹಾಗೇ ಹಿಗ್ಗುತ್ತದೆ.

ಇಳಿಬಿದ್ದ ದಾರದ ತುದಿ ಏನು ಮಾಡುವುದು? ಅಜ್ಜಿ ಈಚಲು ಚಾಪೆ ಹೆಣೆದ ಕೈಯವಳು. "ಗಂಟಾಕ್ಬ್ಯಾಡಿ ಕಣ್ರವ್ವ, ಗಂಟು ಚುಚ್ತದೆ, ಒಂದಿನ ಬಿಚ್ಕತದೆ. ಚಾಪೆ ಅಂಚಲ್ಲಿ ಗರಿ ಹಿಂದಕ್ ಮಡಚಿ ಒಳೀಕ್ ನೂಕಲ್ವಾ, ಹಂಗೇ ಮಾಡಿ" ಅಂದಳು. ಗೇಣುದ್ದ ದಾರವನ್ನು ಮೊಂಡು ಸೂಜಿಗೆ ಪೋಣಿಸಿ, ಹಿಂಬದಿಯ ಕುಣಿಕೆಗಳೊಳಗೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹಾಯಿಸಿದೆವು. ಆಮೇಲೆ ನೀರಲ್ಲಿ ಅದ್ದಿ, ತಿರುಚಿ ಹಿಂಡದೆ ಬಟ್ಟೆಯಲ್ಲಿ ಸುತ್ತಿ ಒತ್ತಿ, ಅಜ್ಜಿಯ ಚಾಪೆಯ ಮೇಲೇ ನೆರಳಲ್ಲಿ ಹರವಿದೆವು. ನೇತುಹಾಕಿದರೆ ನೀರಿನ ಭಾರಕ್ಕೆ ಜೋತುಬೀಳುತ್ತದೆ.

ಶಾಲೆಗೆ ಒಯ್ದಾಗ ಟೀಚರಮ್ಮ ದೂರದಿಂದಲೇ ನೋಡಿ "ಯಾರು ಮುಗಿಸಿಕೊಟ್ರು?" ಅಂದರು. "ನಾವೇ" ಅಂದೆವು. ಅವರು ನಂಬಲಿಲ್ಲ. ಅರ್ಧ ಮಾರ್ಕು ಬಂತು. ಅಪ್ಪಂದಿರ ಕಿವಿ ಬೆಚ್ಚಗಾಯಿತು.

ಜಾತಿ ಹಂಚಿದ್ದು ಕೆಲಸವನ್ನಷ್ಟೇ ಅಲ್ಲ, ಕೆಲಸ ಮಾಡುವ ಜನರನ್ನೇ ಒಡೆದು ಮೇಲೆ ಕೆಳಗೆ ಕೂರಿಸಿತು ಎಂದು ಬಾಬಾಸಾಹೇಬರು 1936ರಲ್ಲೇ ವಾದಿಸಿದ್ದರು. ಅದನ್ನು ನಾವು ಓದಿದ್ದು ತಡವಾಗಿ. ಓದಿದಾಗ ನೆನಪಾದದ್ದು ಅಜ್ಜಿಯ ಚಾಪೆಯ ಅಂಚು. ಟೀಚರಮ್ಮನ ಉಲ್ಲನ್ನಿಗೂ ಅಜ್ಜಿಯ ಈಚಲು ಗರಿಗೂ ಮುಗಿಸುವ ಬುದ್ಧಿ ಒಂದೇ. ಮರ್ಯಾದೆ ಮಾತ್ರ ಬೇರೆ ಬೇರೆ.

ನಮ್ಮ ಮೂವರಲ್ಲಿ ಇಬ್ಬರು ಟೀಚರಾದೆವು. ಒಬ್ಬಳು ಎಂಟನೇ ಕ್ಲಾಸಿನ ನಡುವೆ ಶಾಲೆ ಬಿಟ್ಟು ಕೂಲಿಗೆ ಹೋದಳು. ಹತ್ತು ಸಾಲು ಕಳಕೊಂಡು ಅತ್ತವಳು ಅವಳೇ. ಮಫ್ಲರು ಮುಗಿಸಿದಳು, ಓದು ಕಡ್ಡಿಯ ಮೇಲೇ ಉಳಿಯಿತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದದ್ದು ಬಿಟ್ಟರೆ, ಯಾಕೆ ಬರಲಿಲ್ಲ ಅಂತ ಕೇರಿಗೆ ಬಂದು ಕೇಳಿದವರಿಲ್ಲ.

ಹಳ್ಳಿ ಶಾಲೆಯ ಗೆಳೆಯರೇ, ಮಕ್ಕಳನ್ನು ಶಾಲೆಗೆ ಸೇರಿಸಿದ ಲೆಕ್ಕ ಸಾಲದು. ಮಗುವಿನ ಕೆಲಸವನ್ನು ನಿಮ್ಮ ಕೈಗೆ ತಗೊಳ್ಳಿ. ಕೊನೆ ಸಾಲಿನ ನಾಕು ಕುಣಿಕೆ ತೋರಿಸಿ ವಾಪಸು ಕೊಡಿ, ಮಿಕ್ಕದ್ದನ್ನು ಮಗುವೇ ಮುಗಿಸಲಿ. ಬಾಗಿಲ ಬಳಿ ಕೂತವರನ್ನು ಮೊದಲು ಕರೆಯಿರಿ.