ಏಳರ ಕಾಟ

ಕರೆಂಟ್ ಬಿಲ್ಲಿನ ಹಿಂಬದಿ ಖಾಲಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೊನ್ನೆ ಅಲ್ಲೇ ಮತ್ತೊಮ್ಮೆ 3816547290ನ್ನು ಹುಡುಕಿ ತೆಗೆದೆ. ಉತ್ತರ ಗೊತ್ತಿದ್ದೂ ಹುಡುಕುವ ಸುಖವೇ ಬೇರೆ. ಕಥೆ ಗೊತ್ತಿದ್ದೂ ಯಕ್ಷಗಾನ ನೋಡುತ್ತ ಬೆಳಗು ಮಾಡುವುದಿಲ್ಲವೇ?

ಹತ್ತೂ ಅಂಕಿ ಒಂದೊಂದೇ ಸಲ. ಎಡದ 38 ಎರಡರಿಂದ ಭಾಗವಾಗುತ್ತದೆ, 381 ಮೂರರಿಂದ, 3816 ನಾಲ್ಕರಿಂದ, ಹೀಗೆ ಹತ್ತರವರೆಗೆ. ಈ ಗುಣದ್ದು ಇದೊಂದೇ.

“ಇದಕ್ಕ್ಯಾಕೆ ಇಷ್ಟು ಒದ್ದಾಟ ಚಿಕ್ಕಪ್ಪ, ನಾಲ್ಕು ಸಾಲಿನ ಪ್ರೋಗ್ರಾಮ್ ಸಾಕು” ಅಂದ ಅಣ್ಣನ ಮಗ. ಸಾಕು, ಯಾರು ಬೇಡವೆಂದರು? ಹತ್ತು ಅಂಕಿಗಳನ್ನು 36,28,800 ಬಗೆಯಲ್ಲಿ ಜೋಡಿಸಬಹುದು. ಯಂತ್ರ ಅಷ್ಟನ್ನೂ ಬೇಸರವಿಲ್ಲದೆ ತಿರುವಿ ಹಾಕುತ್ತದೆ. ನಾನು ಅಷ್ಟು ತಾಳ್ಮೆಯವನಲ್ಲ. ಸೊನ್ನೆ ಕೊನೆಗೆ, ಐದು ಐದನೆಯ ಜಾಗಕ್ಕೆ, ಸಮ ಜಾಗಗಳಿಗೆ ಸಮ ಅಂಕಿ. ಮೂರು, ನಾಲ್ಕು, ಆರರ ನಿಯಮ ಹಚ್ಚಿದರೆ ನಾಲ್ಕರಿಂದ ಆರನೆಯ ಜಾಗದವರೆಗೆ 258 ಇಲ್ಲವೇ 654. ಎಂಟನ್ನೂ ವಿಚಾರಿಸಿಕೊಂಡ ಮೇಲೆ ಕಣದಲ್ಲಿ ಉಳಿಯುವುದು ಹತ್ತೇ ಸಂಖ್ಯೆ. ಅವುಗಳಲ್ಲಿ 9876543210 ಕೂಡ ಒಂದು! ಎಷ್ಟು ಚೆಂದದ್ದು, ಗೆಲ್ಲಬೇಕಿತ್ತು. ಆದರೆ ಏಳು ಬಿಡುವುದಿಲ್ಲ, ಒಂಬತ್ತನ್ನು ಹೊರದಬ್ಬುತ್ತದೆ.

ಜಗಳ ಇರುವುದೂ ಏಳರ ಹತ್ತಿರವೇ. ಏಳರ ಪರೀಕ್ಷೆ ಎಂದರೆ ಹೆಚ್ಚಿನವರು ಕೊನೆಯ ಅಂಕಿಯನ್ನು ಇಮ್ಮಡಿಸಿ ಉಳಿದದ್ದರಲ್ಲಿ ಕಳೆಯುತ್ತ, ಮತ್ತೆ ಇಮ್ಮಡಿಸಿ ಕಳೆಯುತ್ತ ಕೂರುತ್ತಾರೆ. ನನ್ನದು 1001ರ ಪಂಥ. 7, 11, 13ನ್ನು ಗುಣಿಸಿದರೆ 1001. ಆದ್ದರಿಂದ ಬಲದಿಂದ ಮೂರು ಮೂರು ಅಂಕಿ ಕತ್ತರಿಸಿ, ಒಂದು ತುಂಡು ಕೂಡಿ ಮತ್ತೊಂದು ಕಳೆದರೆ ಮುಗಿಯಿತು. 3816547ರಲ್ಲಿ 547ರಿಂದ 816 ಕಳೆದು 3 ಕೂಡಿ: ಮೈನಸ್ 266, ಏಳರ ಮೂವತ್ತೆಂಟು ಪಟ್ಟು. ಒಂದೇ ಏಟು!

ಇಮ್ಮಡಿಯವರ ದಾರಿ ಉದ್ದ ಎಂಬುದಷ್ಟೇ ಆಗಿದ್ದರೆ ಕ್ಷಮಿಸುತ್ತಿದ್ದೆ. ಅವರು ಶೇಷವನ್ನೇ ಕೆಡಿಸುತ್ತಾರೆ. 15ನ್ನು ಏಳರಿಂದ ಭಾಗಿಸಿದರೆ ಉಳಿಯುವುದು 1. ಇಮ್ಮಡಿಸಿ ಕಳೆದರೆ ಮೈನಸ್ 9, ಅದರ ಶೇಷ 5. ಇದನ್ನು ತೋರಿಸಿದರೆ “ಶೇಷ ಯಾರಿಗೆ ಬೇಕು ಸಾರ್, ಭಾಗವಾಗುತ್ತದೋ ಇಲ್ಲವೋ ಗೊತ್ತಾದರಾಯಿತು” ಅನ್ನುತ್ತಾರೆ. ಮೈ ಉರಿಯುತ್ತದೆ. ಮುಂದಿನ ಅಂಕಿ ಯಾವುದೆಂದು ಹೇಳುವುದೇ ಶೇಷ. ಅದನ್ನು ಚೆಲ್ಲಿ ಯಾವ ಲೆಕ್ಕ ಮಾಡುತ್ತಾರೋ!

ಅಂಕಿ ಮರುಕಳಿಸಬಹುದು ಎಂದು ಸಡಿಲ ಬಿಟ್ಟರೆ ಈ ಕುಲ ಬಹಳ ಉದ್ದ ಬೆಳೆಯುತ್ತದೆ. ಹತ್ತು ದಾಟಿದ ಮೇಲೆ ಭಾಜಕ ದೊಡ್ಡದಾಗುತ್ತದೆ, ಆಯ್ಕೆಗೆ ಮಾತ್ರ ಅದೇ ಹತ್ತು ಅಂಕಿ. ಹಾಗಾಗಿ ಒಂದೊಂದೇ ಕವಲು ಒಣಗುತ್ತ ಬಂದು ಕೊನೆಗೆ ನಿಲ್ಲುವುದು 25 ಅಂಕಿಗಳ 3608528850368400786036725. ಇದು ಯಾಕೆ ಮುಂದೆ ಹೋಗದು ಎಂಬುದನ್ನೂ ನನ್ನ 1001 ಹೇಳುತ್ತದೆ. ತುಂಡುಗಳನ್ನು ಕೂಡಿ ಕಳೆದರೆ 516. 13ರಿಂದ ಭಾಗಿಸಿದರೆ ಶೇಷ 9. ಬಲಕ್ಕೆ ಇನ್ನೊಂದು ಅಂಕಿ ಸೇರಿಸಿ 26ರಿಂದ ಭಾಗವಾಗಬೇಕಾದರೆ 13 ಕೇಳುವುದು 1ನ್ನು, ಎರಡು ಕೇಳುವುದು ಸಮ ಅಂಕಿಯನ್ನು. ಇಬ್ಬರಿಗೂ ಒಪ್ಪಿಗೆಯಾಗುವುದು 14. ಅದು ಒಂದು ಅಂಕಿಯ ಜಾಗದಲ್ಲಿ ಹಿಡಿಯುವುದಿಲ್ಲ.